ಬುಧವಾರದ ಪೆಟ್ಟಿಗೆ

ಬೆಳಕು ಹರಿಯುವ ಹೊತ್ತಿಗೆ ರೂಲನ್ ಎಸ್ಪ್ಲಿನ್ ಎದ್ದು ನದಿಯ ಅಂಚಿಗೆ ಹೋದ. ಹಿಂದಿನ ಸಂಜೆ ನೀರು ಮುಟ್ಟುವ ಜಾಗದಲ್ಲಿ ಅವನೊಂದು ಕೋಲು ಊರಿದ್ದ. ರಾತ್ರಿ ಕಳೆಯುವುದರೊಳಗೆ ನದಿ ಆ ಕೋಲನ್ನು ಬಿಟ್ಟು ನಾಲ್ಕಾರು ಮಾರು ಕೆಳಗೆ ಸರಿದಿರಬೇಕಾಗಿತ್ತು. ಸರಿದಿರಲಿಲ್ಲ. ಕೋಲಿನ ತುದಿ ಮಾತ್ರ ನೀರಿನ ಮೇಲೆ ನಡುಗುತ್ತಿತ್ತು. ಮರಳಿನ ಮೇಲೆ ಹೊಟ್ಟೆಯೂರಿ ಕೂತಿರಬೇಕಾಗಿದ್ದ ಎರಡು ಮರದ ದೋಣಿಗಳು ಹಗ್ಗ ಜಗ್ಗಿಕೊಂಡು ತೇಲುತ್ತಿದ್ದವು.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಸೋಮವಾರದ ಬೆಳಿಗ್ಗೆ, ನದಿ ಬಂಡೆಗಳ ನಡುವೆ ಧುಮುಕುವ ಹ್ಯಾನ್ಸ್ ಇಳಿಜಾರಿನ ತಲೆಯಲ್ಲಿ ಇಷ್ಟು ನೀರು ಇರುವುದು ಸಾಧ್ಯವೇ ಇರಲಿಲ್ಲ.

ಮೇಲೆ ಅಣೆಕಟ್ಟು ಬಂದ ದಿನದಿಂದ ಕೊಲರಾಡೊ ನದಿಗೆ ವಾರಗಳು ಗೊತ್ತು. ಭಾನುವಾರ ಪಟ್ಟಣಗಳಲ್ಲಿ ಕಚೇರಿ, ಕಾರ್ಖಾನೆ ಮುಚ್ಚಿರುತ್ತವೆ. ವಿದ್ಯುತ್ತು ಅಷ್ಟು ಬೇಡ. ಅಣೆಕಟ್ಟಿನವರು ನೀರನ್ನು ಬಿಗಿಹಿಡಿಯುತ್ತಾರೆ. ಆ ಬಡ ನೀರು ಕಮರಿಯೊಳಗೆ ತೊಂಬತ್ತು ಮೈಲಿ ಹರಿದು ಹ್ಯಾನ್ಸ್ ತಲುಪುವ ಹೊತ್ತಿಗೆ ಸೋಮವಾರವಾಗಿರುತ್ತದೆ. ಸೋಮವಾರ ಹ್ಯಾನ್ಸ್‌ನಲ್ಲಿ ನೀರಿಗಿಂತ ಬಂಡೆ ಹೆಚ್ಚು. ರಬ್ಬರ್ ದೋಣಿಯವರು ಹೇಗೋ ಮೈ ಉಜ್ಜಿಕೊಂಡು ಇಳಿದುಹೋಗುತ್ತಾರೆ. ಮರದ ದೋಣಿಯವರು ದಡದಲ್ಲಿ ಕೂತು ಮಂಗಳವಾರದ ನೀರಿಗೆ ಕಾಯುತ್ತಾರೆ.

ರೂಲನ್‌ನ ಹೆಂಡತಿ ಆಲ್ಟಾ ಇದ್ದಾಗ ಕಾಯುವ ಪ್ರಸಂಗ ಬಂದದ್ದೇ ಇಲ್ಲ. ಸೋಮವಾರ ದೋಣಿ ನೀರಿಗಿಳಿಸುವುದು, ಶನಿವಾರ ತುಂಬಿದ ನೀರಿನಲ್ಲಿ ಹ್ಯಾನ್ಸ್ ದಾಟುವುದು, ಭಾನುವಾರ ಅದರ ಕೆಳಗಿನ ಮರಳಿನಲ್ಲಿ, ಕೆಲಸ ಬಿಟ್ಟು ಪ್ರಾರ್ಥಿಸುವ ಸಬ್ಬತ್ ದಿನವನ್ನು ಆಚರಿಸುವುದು, ಸೋಮವಾರ ಮಧ್ಯಾಹ್ನಕ್ಕೆ ಕಮರಿಯ ತಳದ ತಂಗುದಾಣ ಫ್ಯಾಂಟಮ್ ರ‍್ಯಾಂಚ್ ಸೇರುವುದು. ಇಪ್ಪತ್ತನಾಲ್ಕು ವರ್ಷ ಹಾಗೇ ನಡೆದಿತ್ತು. ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ರೂಲನ್ ಒಂದು ಭಾನುವಾರವೂ ಹುಟ್ಟು ಮುಟ್ಟಿದವನಲ್ಲ. ಕನಾಬ್ ಊರಿನ ಚರ್ಚ್ ಸಭೆಯಲ್ಲಿ ಅವನ ಹೆಸರು ಹೇಳಿದರೆ ಜನ ಮೊದಲು ಹೇಳುತ್ತಿದ್ದದ್ದು ಅದನ್ನೇ.

ಆಲ್ಟಾ ಮಾರ್ಚಿನಲ್ಲಿ ತೀರಿಕೊಂಡಳು. ಈಗ ಜುಲೈ. ಈ ಸಲದ ಪಯಣದಲ್ಲಿ ಅವನು ಹ್ಯಾನ್ಸ್‌ನ ತಲೆಗೆ ಬಂದಾಗಲೇ ಶನಿವಾರದ ಸಂಜೆಯಾಗಿತ್ತು. ಒಂದು ದಿನ ತಡ. ಕೈಯಲ್ಲಿ ಕಸುವು ಹೋಯಿತು, ಇದೇ ಕೊನೆಯ ವರ್ಷ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದ. ಮರುದಿನ ಇಲ್ಲೇ ಭಾನುವಾರ ಆಚರಿಸಿದ್ದರು. ಬಿಷಪ್ಪರ ಅಪ್ಪಣೆಯಂತೆ ರೊಟ್ಟಿ ಮುರಿದು, ನದಿಯ ನೀರನ್ನೇ ತಿಳಿಗೊಳಿಸಿ, ಹರಸಿ ಹಂಚಿದ್ದ. ಇವತ್ತು ಸೋಮವಾರ, ನೀರಿಲ್ಲ, ಕೂತಿರುವುದು ಎಂದು ಎಲ್ಲರಿಗೂ ಹೇಳಿಯೂ ಆಗಿತ್ತು.

ಆದರೆ ನೀರಿತ್ತು.

ಮೇಲಿನ ಬಿಡಾರದಲ್ಲಿ ಮಗಳು ಡಾರ್ಲಾ ಒಲೆ ಹಚ್ಚುತ್ತಿದ್ದಳು. ಇಪ್ಪತ್ತೇಳರ ಹೆಣ್ಣು, ಎರಡನೆಯ ದೋಣಿಗೆ ಅವಳೇ ಹುಟ್ಟು ಹಾಕುವವಳು. ಒಂದೊಂದು ದಿನದ ಊಟಕ್ಕೆ ಒಂದೊಂದು ತಗಡಿನ ಪೆಟ್ಟಿಗೆ; ಮುಚ್ಚಳದ ಮೇಲೆ ವಾರದ ಹೆಸರನ್ನು ಆಲ್ಟಾ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದಳು. ಕೈಗಡಿಯಾರಗಳನ್ನು ಮೊದಲ ದಿನವೇ ಕಟ್ಟಿ ಡಬ್ಬಿಗೆ ಹಾಕುವುದು ರೂಲನ್‌ನ ಪದ್ಧತಿ; ಕೀ ಕೊಡುವವರಿಲ್ಲದೆ ಅವು ನಿಂತೇ ಹೋಗುತ್ತಿದ್ದವು. ನದಿಯಲ್ಲಿ ದಿನ ತಿಳಿಯುತ್ತಿದ್ದದ್ದು ಪೆಟ್ಟಿಗೆಯಿಂದ. ಏಪ್ರಿಕಾಟ್ ಬೇಯುತ್ತಿದ್ದರೆ ಗುರುವಾರ.

ಡಾರ್ಲಾ ಸೋಮವಾರದ ಪೆಟ್ಟಿಗೆಯ ಮುಚ್ಚಳ ಎತ್ತುತ್ತಿದ್ದಳು.

"ಮುಚ್ಚು ಅದನ್ನ," ಎಂದ ರೂಲನ್.

"ಯಾಕಪ್ಪ? ಮೊಟ್ಟೆ ಇದೆ ಇದರಲ್ಲಿ."

"ಬುಧವಾರದ ಪೆಟ್ಟಿಗೆ ಎಲ್ಲಿ?"

"ಅದು ನೆಂದುಹೋಯ್ತಲ್ಲ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಹಿಟ್ಟೆಲ್ಲ ಅಂಟಾಗಿತ್ತು, ನದಿಗೆ ಸುರಿದ್ವಿ. ನೀನೇ ಅಲ್ವಾ ಸುರಿದಿದ್ದು."

"ಯಾವತ್ತು ಸುರಿದಿದ್ದು?"

"ಮಂಗಳವಾರ ಸಾಯಂಕಾಲ."

"ಬುಧವಾರ ಏನು ತಿಂದ್ವಿ?"

ಡಾರ್ಲಾಳ ಕೈ ಮುಚ್ಚಳದ ಮೇಲೆ ನಿಂತಿತು. "ಗುರುವಾರದ್ದು," ಎಂದಳು ಮೆಲ್ಲಗೆ.

ಇಬ್ಬರೂ ಬೆರಳು ಮಡಚುತ್ತ ಬಿಡಾರಗಳನ್ನು ಎಣಿಸಿದರು. ಎರಡು ಸಲ ಎಣಿಸಿದರು. ಮಂಗಳವಾರದ ಸಂಜೆ ಆ ಒದ್ದೆ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು, ಆಲ್ಟಾಳ ಅಕ್ಷರ ನೋಡುತ್ತ ಕತ್ತಲಾಗುವವರೆಗೆ ಕೂತಿದ್ದದ್ದು ರೂಲನ್‌ಗೆ ನೆನಪಾಯಿತು. ಮರುದಿನದಿಂದ ಅವನು ಒಂದು ದಿನ ಮುಂದೆ ಬದುಕುತ್ತಿದ್ದ. ಅವನೊಂದಿಗೆ ಉಳಿದವರೂ.

"ಅಂದ್ರೆ ನಾವು ತಡ ಆಗೇ ಇಲ್ಲ," ಎಂದಳು ಡಾರ್ಲಾ. "ನಿನ್ನೆ ಶನಿವಾರ. ನಿನ್ನ ಕೈಗೆ ಏನೂ ಆಗಿಲ್ಲ ಅಪ್ಪ. ಇವತ್ತು ಭಾನುವಾರ, ನೀರು ತುಂಬಿದೆ. ಒಂದು ಗಂಟೇಲಿ ಹ್ಯಾನ್ಸ್ ದಾಟ್ತೀವಿ. ನಾಳೆ ಮಧ್ಯಾಹ್ನ ದೊಡ್ಡಮ್ಮ ಬರೋ ಹೊತ್ತಿಗೆ ಫ್ಯಾಂಟಮ್‌ನಲ್ಲಿ ಕಾಲು ಚಾಚಿಕೊಂಡು ಕೂತಿರ್ತೀವಿ."

"ಇವತ್ತು ಭಾನುವಾರ," ಎಂದ ರೂಲನ್.

"ನಿನ್ನೆ ಆಚರಿಸಿದ್ವಲ್ಲ."

"ನಿನ್ನೆ ಶನಿವಾರ ಅಂತ ಈಗ ತಾನೇ ನೀನೇ ಅಂದೆ."

ದೊಡ್ಡಮ್ಮ ಎಂದರೆ ಆಲ್ಟಾಳ ಅಕ್ಕ ಝೆಲ್ಮಾ. ಎಪ್ಪತ್ತೆರಡು ವರ್ಷ. ಫ್ರೆಡೋನಿಯಾದಲ್ಲಿ ಒಂಟಿಯಾಗಿದ್ದಳು. ಎತ್ತರವೆಂದರೆ ಅವಳಿಗೆ ಏಣಿಯ ಮೂರನೇ ಮೆಟ್ಟಿಲೂ ಎತ್ತರ. ನದಿಗೆ ಬಾ ಎಂದು ಆಲ್ಟಾ ವರ್ಷಕ್ಕೊಮ್ಮೆ ಕರೆಯುತ್ತಿದ್ದಳು. ಝೆಲ್ಮಾ ವರ್ಷಕ್ಕೊಮ್ಮೆ ಬೈಯುತ್ತಿದ್ದಳು. ಕೊನೆಯ ವಾರ ಆಸ್ಪತ್ರೆಯಲ್ಲಿ ಆಲ್ಟಾ ಗಂಡನ ಕೈ ಹಿಡಿದು ಕೇಳಿದ್ದು ಒಂದೇ ಮಾತು: ಅಕ್ಕನನ್ನು ಒಮ್ಮೆ ನದಿಯ ಮೇಲೆ ಕರೆದೊಯ್ಯಬೇಕು. ಜೂನ್‌ನಲ್ಲಿ ಝೆಲ್ಮಾಳ ಕಾಗದ ಬಂದಿತ್ತು. "ಆ ಸೋಮವಾರ ಹೇಸರಗತ್ತೆ ಮೇಲೆ ಫ್ಯಾಂಟಮ್‌ಗೆ ಇಳೀತೀನಿ. ಕಣ್ಣು ಮುಚ್ಚಿಕೊಂಡೇ ಇಳೀತೀನಿ. ಒಂದೇ ರಾತ್ರಿ. ಮಂಗಳವಾರ ಬೆಳಗಿನ ಜಾವಕ್ಕೆ ಕತ್ತೆಗಳು ವಾಪಸ್ ಹೊರಡ್ತವೆ. ಅಷ್ಟರಲ್ಲಿ ನೀನು ಇದ್ರೆ ಇದ್ದೆ, ಇಲ್ಲದಿದ್ರೆ ನಾನು ಮತ್ತೆ ಈ ಜನ್ಮದಲ್ಲಿ ಇಳಿಯೋಳಲ್ಲ."

ಅವಳು ಕೈತಪ್ಪಿಹೋದಳೆಂದೇ ಅವನು ನಿನ್ನೆ ನಂಬಿದ್ದ. ಇಂದು ಹೊರಟರೆ ಅವಳು ಸಿಗುತ್ತಾಳೆ. ಇಂದು ಕೂತರೆ, ನಾಳೆ ನೀರಿಲ್ಲ. ಮಂಗಳವಾರದ ನೀರಿಗೆ ಕಾದು ಫ್ಯಾಂಟಮ್ ತಲುಪುವ ಹೊತ್ತಿಗೆ ಅವಳು ಮತ್ತೆ ಬೆಟ್ಟದ ತಲೆಯಲ್ಲಿರುತ್ತಾಳೆ.

ಪಯಣಿಗರು ಮೂವರೂ ಎದ್ದು ಬಂದರು: ಸೀಡರ್ ಸಿಟಿಯ ಶಾಲಾ ಮೇಷ್ಟರು ಪೆಂಡಲ್ಟನ್, ಅವರ ಹೆಂಡತಿ, ಮತ್ತು ಫ್ಲ್ಯಾಗ್‌ಸ್ಟಾಫ್‌ನ ಕೊಳಾಯಿ ಕೆಲಸದ ಹ್ಯಾಸ್ಕೆಲ್. ಸಭೆಯವರಿಗೆ ಕಾಫಿ ನಿಷಿದ್ಧ; ಹ್ಯಾಸ್ಕೆಲ್ ಮಾತ್ರ ಸಭೆಯವನಲ್ಲ, ಕಾಫಿ ಕುಡಿಯುವವನು. ಆ ಗುಂಪಿನಲ್ಲಿ ಕಾಫಿ ಕುಡಿಯುವವನು ಅವನೊಬ್ಬನೇ ಆದ್ದರಿಂದ ತನ್ನ ಡಬ್ಬಿಯನ್ನು ತಾನೇ ಹೊತ್ತು ತಂದಿದ್ದ.

ವಿಷಯ ಕೇಳಿ ಅವನು ನಕ್ಕುಬಿಟ್ಟ. "ಯಜಮಾನ್ರೇ, ನಿನ್ನೆ ಇಡೀ ದಿನ ನಿಮ್ಮ ಜೊತೆ ಸುಮ್ನೆ ಕೂತಿದ್ದೆ. ಒಂದು ಇಸ್ಪೀಟ್ ಎಲೆನೂ ಮುಟ್ಟಿಲ್ಲ. ಅದು ಲೆಕ್ಕಕ್ಕೇ ಇಲ್ಲ ಅಂದ್ರೆ ಹೆಂಗೆ?"

"ನಿನ್ನ ಲೆಕ್ಕ ದೇವರಿಗೆ ಗೊತ್ತಪ್ಪ," ಎಂದ ರೂಲನ್.

"ನನ್ನ ಲೆಕ್ಕ ಗೊತ್ತಾದ್ರೆ ಕಷ್ಟ."

ಡಾರ್ಲಾ ಇನ್ನೊಂದು ದಾರಿ ಹಿಡಿದಳು. "ನೀನು ಸುಮ್ನೆ ಕೂತಿರು ಅಪ್ಪ. ಎರಡೂ ದೋಣಿ ನಾನೇ ಒಂದೊಂದಾಗಿ ಇಳಿಸ್ತೀನಿ. ನೀನು ಹುಟ್ಟು ಮುಟ್ಟೋದೇ ಬೇಡ."

"ಕೆಲಸ ಮಾಡಬೇಡ ಅನ್ನೋ ಆ ಆಜ್ಞೇಲಿ ಮಗಳ ಹೆಸರೂ ಇದೆ. ಮನೆ ಯಜಮಾನ ಕೂತು ಮಗಳ ಕೈಲಿ ಕೆಲಸ ಮಾಡಿಸಲಿ ಅಂತ ಇಲ್ಲ."

"ಹಳ್ಳಕ್ಕೆ ಬಿದ್ದ ಎತ್ತನ್ನ ಆ ದಿನಾನೂ ಎತ್ತಬಹುದು ಅಂತಾನೂ ಇದೆ."

"ಝೆಲ್ಮಾ ಹಳ್ಳಕ್ಕೆ ಬಿದ್ದಿಲ್ಲ. ಇನ್ನೂ ಮನೇಲೇ ಇದ್ದಾಳೆ."

ಅಷ್ಟು ಹೇಳಿ ಅವನು ಬಂಡೆಗಳ ಕಡೆ ಹೋದ. ಎದುರಿಗೆ ಕೆಂಪು ಗೋಡೆ ಆಕಾಶದ ಅರ್ಧ ಮುಚ್ಚಿತ್ತು. ಕೆಳಗೆ ಹ್ಯಾನ್ಸ್ ತುಂಬಿ, ಬಂಡೆಗಳನ್ನೆಲ್ಲ ಹೊದ್ದುಕೊಂಡು, ಒಂದೇ ದನಿಯಲ್ಲಿ ಮೊರೆಯುತ್ತಿತ್ತು. ಬಲಗಡೆಯಿಂದ ಹೊಕ್ಕು ಎಡಕ್ಕೆ ಎಳೆದುಕೊಂಡರೆ ಹತ್ತು ನಿಮಿಷದ ಕೆಲಸ. ಅವನು ಮಂಡಿಯೂರಿ ಕೂತ. ಏನು ಕೇಳಿಕೊಂಡನೋ, ಅದಕ್ಕೆ ಉತ್ತರ ಬರಲಿಲ್ಲ. ಆಲ್ಟಾ ಸತ್ತ ಮೇಲೆ ಅವನ ಪ್ರಾರ್ಥನೆ ಹೀಗೇ ಆಗಿತ್ತು. ಮಾಡುವುದನ್ನು ಬಿಟ್ಟಿರಲಿಲ್ಲ, ಅಷ್ಟೇ. ಎದ್ದು ಮಂಡಿಯ ಮರಳು ಕೊಡವಿಕೊಂಡು ಬಂದ.

"ಇವತ್ತು ಹೊರಡೋದಿಲ್ಲ," ಎಂದ. "ಮಂಗಳವಾರದವರೆಗೆ ಕೂರೋದೂ ಇಲ್ಲ. ನಾಳೆ ನೀರು ಇಳಿದ ಮೇಲೆ ದೋಣಿಗಳನ್ನ ಹಗ್ಗ ಕಟ್ಟಿ ದಡದ ಪಕ್ಕದಲ್ಲೇ ಇಳಿಸೋಣ. ಸಾಮಾನು ಎಲ್ಲ ತಲೆ ಮೇಲೆ ಹೊತ್ತು ಅರ್ಧ ಮೈಲಿ ಬಂಡೆ ದಾಟಬೇಕು. ಬಿಸಿಲು ನಿಮಗೆ ಗೊತ್ತೇ ಇದೆ. ಸಂಜೆಗೆ ಫ್ಯಾಂಟಮ್ ಸೇರಬಹುದು. ಇದು ನನ್ನ ಹಟ, ನಿಮ್ಮದಲ್ಲ. ಬೇಡ ಅಂದ್ರೆ ಬೇಡ ಅನ್ನಿ, ನಾನು ಬೇಸರ ಮಾಡ್ಕೊಳ್ಳೋದಿಲ್ಲ."

ಪೆಂಡಲ್ಟನ್ ದಂಪತಿ ಒಬ್ಬರ ಮುಖ ಒಬ್ಬರು ನೋಡಿ, ಆಗಲಿ ಎಂದರು. ಹ್ಯಾಸ್ಕೆಲ್ ಗಡ್ಡ ಕೆರೆದುಕೊಂಡ.

"ಹೊರ್ತೀನಿ. ಆದ್ರೆ ಇವತ್ತಿನ ಪ್ರಾರ್ಥನೆಗೆ ನನ್ನ ಕರೀಬೇಡಿ. ವಾರಕ್ಕೆ ಎರಡು ನನಗೆ ಜೀರ್ಣ ಆಗಲ್ಲ."

ಆ ದಿನ ಮತ್ತೆ ರೊಟ್ಟಿ ಮುರಿದರು. ಕರೆಯದಿದ್ದರೂ ಹ್ಯಾಸ್ಕೆಲ್ ಬಂದು ಹಿಂದೆ ಕೂತ. ಡಾರ್ಲಾ ಮಾತ್ರ ಇಡೀ ಮಧ್ಯಾಹ್ನ ತುಂಬಿ ಹರಿಯುತ್ತಿದ್ದ ನೀರನ್ನೇ ನೋಡುತ್ತಿದ್ದಳು. ತಂದೆಯ ಜೊತೆ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ನದಿ ಹೇಳಿದಂತೆ ಕೇಳಿತ್ತು. ಕೋಲು ಒಣ ಮರಳಿನಲ್ಲಿ ನಿಂತಿತ್ತು. ಹ್ಯಾನ್ಸ್‌ನ ಉದ್ದಕ್ಕೂ ಬಂಡೆಗಳು ಕರಿ ಬೆನ್ನು ತೋರಿಸುತ್ತಿದ್ದವು, ಅವುಗಳ ಸಂದಿಯಲ್ಲಿ ನೀರು ಸೀಳಿಕೊಂಡು ಹೋಗುತ್ತಿತ್ತು. ಸಾಮಾನು ಹೊತ್ತು ಮುಗಿಯುವ ಹೊತ್ತಿಗೆ ಬಂಡೆಗಳು ಕೈ ಇಟ್ಟರೆ ಸುಡುತ್ತಿದ್ದವು. ಮೇಷ್ಟರ ಅಂಗೈಗೆ ಬೊಬ್ಬೆ ಬಂದಿತ್ತು. ಯಾರೂ ಗೊಣಗಲಿಲ್ಲ, ರೂಲನ್‌ಗೆ ಅದೇ ಹೆಚ್ಚು ಭಾರವಾಯಿತು.

ಹಗ್ಗದ ಕೆಲಸ ಅವನು ಹಳೆಯ ದೋಣಿಗಾರರಿಂದ ಕಲಿತದ್ದು. ದೋಣಿಯ ಮೂಗಿಗೊಂದು ಹಗ್ಗ, ಬಾಲಕ್ಕೊಂದು. ಒಬ್ಬರು ಬಿಡಬೇಕು, ಒಬ್ಬರು ಹಿಡಿಯಬೇಕು. ಬಂಡೆ ಸಿಕ್ಕಲ್ಲಿ ಒಬ್ಬರು ಎದೆಯುದ್ದ ನೀರಿನಲ್ಲಿ ನಿಂತು ಭುಜ ಕೊಟ್ಟು ದೂಡಬೇಕು. ಡಾರ್ಲಾಳ ದೋಣಿ ಎರಡು ಗಂಟೆಯಲ್ಲಿ ಕೆಳಗೆ ಹೋಯಿತು. ರೂಲನ್‌ನ ಹಸಿರು ದೋಣಿ ಮುಕ್ಕಾಲು ದಾರಿ ಚೆನ್ನಾಗಿಯೇ ಇಳಿಯಿತು. ಆ ದೋಣಿಯನ್ನು ಕಟ್ಟುವಾಗ ಹಲಗೆಗಳಿಗೆ ಆವಿ ಹಿಡಿದು ಬಾಗಿಸಿದವಳು ಆಲ್ಟಾ.

"ಬಾಲ ಬಿಡು, ಬಾಲ ಬಿಡು," ಎಂದು ಡಾರ್ಲಾ ಕೂಗಿದಳು. ರೂಲನ್ ಬಿಟ್ಟ. ಬಿಡುವುದು ಒಂದು ಉಸಿರಿನಷ್ಟು ತಡವಾಯಿತು. ದೋಣಿ ಅಡ್ಡ ತಿರುಗಿ ಎರಡು ಬಂಡೆಗಳ ನಡುವೆ ಸಿಕ್ಕಿತು, ನೀರು ಒತ್ತಿತು, ಹಲಗೆ ಸೀಳಿದ ಸದ್ದು ಹೊಳೆಯ ಮೊರೆತದ ಮೇಲೂ ಕೇಳಿಸಿತು.

ಮುಂದಿನ ಮೂರು ಗಂಟೆ ಹ್ಯಾಸ್ಕೆಲ್‌ನದು. ಕೊಳವೆ ಎಳೆಯುವವರ ರಾಟೆಯನ್ನು ಅವನು ಹೋದಲ್ಲೆಲ್ಲ ಒಯ್ಯುತ್ತಿದ್ದ. ಅದನ್ನು ದಡದ ಬಂಡೆಗೆ ಕಟ್ಟಿ, ಎಲ್ಲರೂ ಜಗ್ಗಿ, ಇಂಚಿಂಚಾಗಿ ದೋಣಿಯನ್ನು ಬಿಡಿಸಿದರು. ಕೆಳಗಿನ ಮರಳಿಗೆ ಎಳೆದು ತಂದಾಗ ಎಡಪಕ್ಕದಲ್ಲಿ ಮೊಳದುದ್ದ ಸೀಳು. ರೂಲನ್ ಅದರ ಮೇಲೆ ಕೈಯಾಡಿಸಿದ.

ಹ್ಯಾಸ್ಕೆಲ್ ತನ್ನ ಕಾಫಿ ಡಬ್ಬಿಯನ್ನು ಬರಿದು ಮಾಡಿ, ಕತ್ತರಿಸಿ, ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿದ. ಸೀಳಿಗೆ ಡಾಂಬರು ಮೆತ್ತಿ, ಕ್ಯಾನ್ವಾಸ್ ಬಟ್ಟೆ ಇಟ್ಟು, ಮೇಲೆ ತಗಡು ಹೊಡೆದ. "ಯಜಮಾನ್ರೇ, ಕೊನೆಗೂ ನಿಮ್ಮ ದೋಣಿಗೆ ಕಾಫಿ ಕುಡಿಸಿದೆ," ಎಂದ. ಡಾರ್ಲಾ ನಕ್ಕಳು. ಎರಡು ದಿನಗಳ ಮೇಲೆ ಅವಳು ನಕ್ಕದ್ದು ಆಗಲೇ.

ಅಲ್ಲಿಂದ ಮುಂದೆ ಗೋಡೆಗಳು ಕಪ್ಪಾಗಿ ಹತ್ತಿರ ಬರುತ್ತವೆ, ನದಿ ಇಕ್ಕಟ್ಟಾಗುತ್ತದೆ. ಹನ್ನೊಂದು ಮೈಲಿ, ನಡುವೆ ಎರಡು ದೊಡ್ಡ ಇಳಿಜಾರು. ಅಲ್ಲಿ ಬಂಡೆಯ ಭಯವಿಲ್ಲ, ಅಲೆಯ ಭಯ. ಮೇಷ್ಟರ ಹೆಂಡತಿ ರೂಲನ್‌ನ ದೋಣಿಯಲ್ಲಿ ಕೂತು ಬಿಡದೆ ನೀರು ಮೊಗೆದು ಹಾಕಿದರು. ಬಿಸಿಲು ಮೇಲಿನ ಅಂಚಿಗೆ ಏರಿ ಕೆಂಪಗಾದಾಗ ಫ್ಯಾಂಟಮ್‌ನ ತೂಗುಸೇತುವೆ ಕಂಡಿತು.

ಮರಳಿನ ದಡದಲ್ಲಿ, ಮರದ ಪೆಟ್ಟಿಗೆಯೊಂದರ ಮೇಲೆ, ಗಂಡಸರ ಟೋಪಿ ಹಾಕಿಕೊಂಡು ಝೆಲ್ಮಾ ಕೂತಿದ್ದಳು. ದೋಣಿ ಮರಳಿಗೆ ತಾಗುವವರೆಗೂ ಏಳಲಿಲ್ಲ.

"ಮಧ್ಯಾಹ್ನ ಅಂದ್ರೆ ನಿಮ್ಮ ಕಡೆ ಸೂರ್ಯ ಮುಳುಗೋ ಹೊತ್ತಾ ರೂಲನ್?"

"ತಡವಾಯ್ತು ಅತ್ತಿಗೆ. ಕ್ಷಮಿಸಿ."

"ಕತ್ತೆ ಮೇಲೆ ಐದು ಗಂಟೆ ಕೂತು ಬಂದಿದೀನಿ. ಕೂರೋ ಜಾಗ ನನಗೆ ಉಳಿದಿಲ್ಲ. ದೋಣಿಗೇನಾಯ್ತು? ಅದೇನದು, ಕಾಫಿ ಡಬ್ಬಿ?"

ಊಟಕ್ಕೆ ಕೂತಾಗ ಡಾರ್ಲಾ ಎಲ್ಲವನ್ನೂ ಹೇಳಿದಳು: ಪೆಟ್ಟಿಗೆ, ಶನಿವಾರ, ಭಾನುವಾರ, ಹಗ್ಗ, ಸೀಳು. ರೂಲನ್ ತಟ್ಟೆ ನೋಡುತ್ತ ಕೂತಿದ್ದ. ಝೆಲ್ಮಾ ಕೇಳುತ್ತ ಕೇಳುತ್ತ ಚಮಚ ಕೆಳಗಿಟ್ಟಳು.

"ಅಂದ್ರೆ ಇಪ್ಪತ್ತನಾಲ್ಕು ವರ್ಷದ ವ್ರತ ಉಳಿಸ್ಕೊಳ್ಳೋಕೆ ಇಷ್ಟೆಲ್ಲ."

"ವ್ರತ ಅಲ್ಲ ಅತ್ತಿಗೆ. ಆಜ್ಞೆ."

"ಇರಲಿ. ಆಲ್ಟಾ ನಿನಗೆ ಹೇಳ್ಬೇಡ ಅಂದಿದ್ಲು. ಈಗ ಅವಳಿಲ್ಲ, ನಾನೂ ಎಷ್ಟು ದಿನ ಇರ್ತೀನೋ." ಝೆಲ್ಮಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಈ ಹುಡುಗಿಗೆ ದಡಾರ ಎದ್ದು ನಮ್ಮನೇಲಿ ಬಿಟ್ಟು ಹೋಗಿದ್ರಲ್ಲ, ಆ ವರ್ಷ. ಇದೇ ಫ್ಯಾಂಟಮ್‌ನಿಂದ ಸಂಜೆ ಆಲ್ಟಾ ಫೋನ್ ಮಾಡಿದ್ಲು, ಮಗು ಹೇಗಿದೆ ಅಂತ. ಮಗು ಚೆನ್ನಾಗಿದೆ, ನೀನೇನು ಭಾನುವಾರ ಪ್ರಯಾಣ ಮಾಡ್ತಿದೀಯ ಅಂದೆ. ಆ ಕಡೆಯಿಂದ ಉಸಿರೇ ಇಲ್ಲ."

ಡಾರ್ಲಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಆಗಲೂ ಒಂದು ಪೆಟ್ಟಿಗೆ ಹೋಗಿತ್ತಂತೆ. ಹಕ್ಕಿ ತಿಂದ್ವೋ ಏನೋ. ಶನಿವಾರಾನೇ ಭಾನುವಾರ ಅಂತ ಆಚರಿಸಿ, ನಿಜವಾದ ಭಾನುವಾರ ನೀವು ಹ್ಯಾನ್ಸ್ ಕೆಳಗಿಂದ ಇಲ್ಲೀವರೆಗೆ ಹುಟ್ಟು ಹಾಕಿದ್ರಿ. ಅವ್ರಿಗೆ ಹೇಳ್ಬೇಡ ಅಕ್ಕ ಅಂದ್ಲು. ಹೇಳಿದ್ರೆ ನೀನು ಅಷ್ಟು ಮೈಲಿನೂ ಎದುರು ಈಜಿಕೊಂಡು ವಾಪಸ್ ಹೋಗ್ತೀಯ ಅಂತ."

ರೂಲನ್ ತಟ್ಟೆಯಿಂದ ತಲೆ ಎತ್ತಿದ. ಆಮೇಲೆ ಹೇಳಿದ: "ಮಾರನೇ ದಿನ ಅವಳಿಗೆ ಹೊಟ್ಟೆನೋವು ಬಂದಿತ್ತು."

"ಹೊಟ್ಟೆನೋವೂ ಇಲ್ಲ, ಎಂಥದೂ ಇಲ್ಲ. ಆ ಭಾನುವಾರದ ಬದಲಿಗೆ ನಿನ್ನ ಒಂದು ದಿನ ಕೂರಿಸಬೇಕಿತ್ತು. ಕೂರಿಸಿದ್ಲು."

ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಇಲ್ಲೇ, ಹಳ್ಳದ ಪಕ್ಕದ ಕಾಟನ್‌ವುಡ್ ಮರದ ಕೆಳಗೆ ಅವಳು ಮಲಗಿದ್ದಳು. ಅವನು ಬಟ್ಟೆ ಒದ್ದೆ ಮಾಡಿ ಹಣೆಗಿಟ್ಟಿದ್ದ. ಪಯಣಿಗರನ್ನೆಲ್ಲ ಸುಮ್ಮನಿರಿಸಿ, ಅವಳಿಗೆ ಇಷ್ಟವಾದ ಸ್ತುತಿಗೀತೆಗಳನ್ನು ಒಂದಾದ ಮೇಲೆ ಒಂದರಂತೆ ಹಾಡಿದ್ದ. ಅವಳು ಕಣ್ಣು ಮುಚ್ಚಿ ತಾನೂ ಮೆಲ್ಲಗೆ ದನಿಗೂಡಿಸಿದ್ದಳು. ನದಿಯ ಮೇಲೆ ಕಳೆದ ದಿನಗಳಲ್ಲಿ ಅಷ್ಟು ನೆಮ್ಮದಿಯ ದಿನ ಇನ್ನೊಂದಿಲ್ಲ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಅದು ಸೋಮವಾರವಾಗಿತ್ತು.

"ಬಾರ್ಲಿ ಗಂಜಿ ಮಾಡಿಕೊಟ್ಟಿದ್ದೆ," ಎಂದ.

"ಕುಡೀಲಿಲ್ಲ. ನೀನು ಆ ಕಡೆ ತಿರುಗಿದಾಗ ಮರದ ಬುಡಕ್ಕೆ ಚೆಲ್ಲಿದ್ಲು."

ಮೊದಲು ನಕ್ಕವನು ಹ್ಯಾಸ್ಕೆಲ್. ಆಮೇಲೆ ಡಾರ್ಲಾ. ರೂಲನ್ ನಗಲಿಲ್ಲ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ತುಸು ಹೊತ್ತಾದ ಮೇಲೆ ಮೇಷ್ಟರ ಕಡೆ ತಿರುಗಿ, ಅವರ ಬೊಬ್ಬೆ ಬಂದ ಅಂಗೈಗಳನ್ನು ನೋಡಿ, "ನಿಮ್ಮ ಕೈಗೆ ನಾನು ತಪ್ಪುಕಾಣಿಕೆ ಕೊಡಬೇಕು," ಎಂದ. "ದಿನ ನನ್ನ ಕೈಲಿದೆ ಅಂದ್ಕೊಂಡಿದ್ದೆ."

"ಕೈಗೆ ಬೆಣ್ಣೆ ಹಚ್ಚಿದ್ರಾಯ್ತು ಬಿಡಿ," ಎಂದರು ಮೇಷ್ಟರು.

ಆ ರಾತ್ರಿ ಮಲಗುವ ಮುಂಚೆ ಅವನು ಮಂಡಿಯೂರಿದಾಗ ಏನನ್ನೂ ಕೇಳಲಿಲ್ಲ. ತಾನು ಮುರಿದ ಒಂದು ಭಾನುವಾರವನ್ನು ಇಷ್ಟು ವರ್ಷ ಬೇರೊಬ್ಬರು ಹೊತ್ತಿದ್ದರು ಎಂಬುದನ್ನು ಅವಳ ಹೆಸರು ಹೇಳಿ ಒಪ್ಪಿಕೊಂಡ. ಅಷ್ಟರಲ್ಲೇ ಪ್ರಾರ್ಥನೆ ಮುಗಿಯಿತು.

ಬೆಳಗಿನ ಜಾವ ಹೇಸರಗತ್ತೆಗಳು ಗಂಟೆ ಆಡಿಸುತ್ತ ಬೆಟ್ಟ ಹತ್ತಿದವು. ಒಂದರ ಜೀನು ಖಾಲಿಯಿತ್ತು. ಝೆಲ್ಮಾ ಅದರ ಬೆನ್ನನ್ನೇ ನೋಡುತ್ತ ದಡದಲ್ಲಿ ನಿಂತಿದ್ದಳು. ಮನಸ್ಸು ಬದಲಾಯಿಸಲು ಇನ್ನೂ ಹೊತ್ತಿದೆಯೇ ಎಂದು ಅಳೆಯುವವಳಂತೆ.

"ಡಾರ್ಲಾ ದೋಣಿ ಗಟ್ಟಿಯಾಗಿದೆ ಅತ್ತಿಗೆ, ಅದರಲ್ಲಿ ಕೂತ್ಕೊಳ್ಳಿ. ನಂದು ಸೋರುತ್ತೆ."

"ನನ್ನ ತಂಗಿ ಮಾಡಿದ ದೋಣಿ ಯಾವುದು?"

"ಸೋರೋದು."

ಅವಳು ಅವನ ಭುಜ ಗಟ್ಟಿಯಾಗಿ ಹಿಡಿದು, ಬೈಯುತ್ತಲೇ ಹತ್ತಿ, ಹಸಿರು ದೋಣಿಯ ಮೂಗಿನಲ್ಲಿ ಕೂತಳು. ರೂಲನ್ ಅವಳ ಕೈಗೆ ತಗಡಿನ ಬೋಗುಣಿ ಕೊಟ್ಟ. "ಪಾದ ಮುಳುಗಿದಾಗ ಮೊಗೀಬೇಕು."

"ಎಷ್ಟು ದಿನ?"

"ಹತ್ತು ದಿನ ಇರಬಹುದು. ಈ ಸಲ ಎಣಿಸೋ ಕೆಲಸ ನೀವೇ ನೋಡ್ಕೊಳ್ಳಿ."

ಅವನು ಹುಟ್ಟು ಹಿಡಿದು ದಡ ಬಿಟ್ಟ. ಸೇತುವೆಯ ನೆರಳು ದಾಟುವ ಮೊದಲೇ ನೀರು ಅವಳ ಪಾದ ಮುಟ್ಟಿತು. ಝೆಲ್ಮಾ ಕಣ್ಣು ತೆರೆದುಕೊಂಡೇ ಬಗ್ಗಿ, ಮೊಗೆದು, ನದಿಗೆ ಚೆಲ್ಲಿದಳು.